ವಾಸು ಮಾವನ ಕಣ್ಣು ನಿಂತದ್ದು

ಆಗೆಲ್ಲ ಬೊಂಬಾಯಿ ಸಯನ್ನಿಗೆ ಬಂದು ಮುಗಿದುಹೋಗುತ್ತಿತ್ತು. ನಕ್ಷೆಯಲ್ಲಿ ಹಾಗೆ ಇರಲಿಲ್ಲ, ನಮ್ಮ ಚಾಳಿನ ಮಕ್ಕಳ ಲೆಕ್ಕದಲ್ಲಿ ಇತ್ತು. ಸ್ಟೇಷನ್ನಿನ ಆಚೆ ಕೆಸರು, ಹುಲ್ಲು, ಕೊಕ್ಕರೆ, ಈಚೆ ನಾವು. ಗಾಳಿ ಎತ್ತಲಿಂದ ಬೀಸುತ್ತಿದೆ ಎಂಬುದನ್ನು ಮೂಗೇ ಹೇಳುತ್ತಿತ್ತು. ಧಾರಾವಿಯ ಕಡೆಯಿಂದಾದರೆ ತೊಗಲು ಹದಮಾಡುವ ವಾಸನೆ, ಮಾಟುಂಗದ ಕಡೆಯಿಂದಾದರೆ ಕಾಫಿಬೀಜ ಹುರಿಯುವ ವಾಸನೆ. ಎರಡನೆಯದು ಬಂದ ದಿನ ಅಮ್ಮ ಕಾರಣವಿಲ್ಲದೆ ಒಳ್ಳೆಯ ಮನಸ್ಸಿನಲ್ಲಿರುತ್ತಿದ್ದಳು. ಚಾಳಿನಲ್ಲಿ ಬೆಳೆದವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೋಣೆ, ಅದರ ಮುಂದೆ ಉದ್ದಕ್ಕೂ ಗ್ಯಾಲರಿ, ಗ್ಯಾಲರಿಯ ಕೊನೆಗೆ ನಲ್ಲಿ, ನಲ್ಲಿಯ ಮುಂದೆ ಜಗಳ. ನಾವು ಹೆಣ್ಣುಮಕ್ಕಳು ಗ್ಯಾಲರಿಯಲ್ಲೇ ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟಾಬಿಲ್ಲೆ ಆಡುತ್ತಿದ್ದೆವು. ನೀರು ಹೊತ್ತು ಬರುವ ಹೆಂಗಸರು ನಮ್ಮ ಮನೆಗಳ ಮೇಲೆ ಚೆಲ್ಲಿಕೊಂಡು ಹೋಗುತ್ತಿದ್ದರು.

ಆ ಒಂದು ಕೋಣೆಯಲ್ಲಿ ಅಪ್ಪ, ಅಮ್ಮ, ನಾನು, ಮತ್ತೆ ಲೆಕ್ಕಕ್ಕೆ ಮಾತ್ರ ಅಮ್ಮನ ತಮ್ಮ ವಾಸು ಮಾವ. ಲೆಕ್ಕಕ್ಕೆ ಮಾತ್ರ ಯಾಕೆಂದರೆ ಅವನು ಮಲಗುತ್ತಿದ್ದದ್ದು ಗ್ಯಾಲರಿಯಲ್ಲಿ, ಉಣ್ಣುತ್ತಿದ್ದದ್ದು ಮಾಟುಂಗದ ಹೋಟೆಲಿನಲ್ಲಿ. ಮನೆಯೊಳಗೆ ಬರುತ್ತಿದ್ದದ್ದು ನನ್ನ ಜಡೆ ಎಳೆದು ಕಾಡಿಸುವುದಕ್ಕೆ. ಉಡುಪಿಯ ಕಡೆಯಿಂದ ಬಂದ ಹುಡುಗರೆಲ್ಲರ ಹಾಗೆ ಕಪ್ಪು ಬಸಿ ತೊಳೆಯುವುದರಿಂದ ಶುರುಮಾಡಿದ್ದ ಅವನು ನಾನು ಕಂಡ ಕಾಲಕ್ಕೆ ದೋಸೆಯ ಕಾವಲಿಯ ಮುಂದೆ ಬಂದು ನಿಂತಿದ್ದ. ಹೋಟೆಲಿನಲ್ಲಿ ಕಾವಲಿ ಸಿಕ್ಕುವುದೆಂದರೆ ಆಫೀಸಿನಲ್ಲಿ ಕುರ್ಚಿ ಸಿಕ್ಕಿದ ಹಾಗೆ ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಕೋಟೆ ಎಂದು ನಾವು ಕರೆಯುತ್ತಿದ್ದ ಫೋರ್ಟ್ ಕಡೆಯ ಒಂದು ಕಂಪನಿಯಲ್ಲಿ ಗುಮಾಸ್ತ. ಅವನಿಗೂ ಕುರ್ಚಿ ಇತ್ತು. ಆದರೆ ಅಪ್ಪ ಕುರ್ಚಿಯಲ್ಲಿ ಕೂರುವುದನ್ನು ನೋಡಲು ಯಾರೂ ನಿಲ್ಲುತ್ತಿರಲಿಲ್ಲ. ಮಾವ ಸೌಟನ್ನು ಒಂದೇ ಸುತ್ತಿಗೆ ತಿರುಗಿಸಿ ದೋಸೆ ಹರಡುವುದನ್ನು ನೋಡಲು ಗಿರಾಕಿಗಳು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಮಾವನ ಜೀವ ಮಾತ್ರ ಕಾವಲಿಯಲ್ಲಿ ಇರಲಿಲ್ಲ. ಯಕ್ಷಗಾನದಲ್ಲಿ ಇತ್ತು. ಹೋಟೆಲುಗಳಲ್ಲಿ ದುಡಿಯುವ ನಮ್ಮ ಕಡೆಯವರೆಲ್ಲ ಸೇರಿ ವರ್ಷಕ್ಕೊಂದು ಆಟ ಆಡುತ್ತಿದ್ದರು. ಊರಿನಲ್ಲಿ ರಾತ್ರಿಯಿಡೀ ನಡೆಯುವ ಆಟ ಇಲ್ಲಿ ಹಗಲಿಗೇ ಮುಗಿಯಬೇಕು, ಯಾಕೆಂದರೆ ಸಂಜೆಯ ಗಿರಾಕಿಗೆ ಕಾಫಿ ಕೊಡುವವರೇ ರಾಜರು, ಋಷಿಗಳು, ರಕ್ಕಸರು. ತಾಲೀಮು ಮಾಡಿಸುತ್ತಿದ್ದವರು ತಿಮ್ಮಪ್ಪಣ್ಣ ಎಂಬ ಹಿರಿಯರು. ಮಾವನ ಹೋಟೆಲಿನಲ್ಲೇ ಗಲ್ಲಾದಲ್ಲಿ ಕೂರುತ್ತಿದ್ದರು, ಪ್ರಾಯದಲ್ಲಿ ಊರ ಮೇಳದಲ್ಲಿ ಗೆಜ್ಜೆ ಕಟ್ಟಿದವರು. ಮಾವ ಪ್ರತಿ ವರ್ಷ ಅವರ ಹಿಂದೆ ಬಿದ್ದು ಬಣ್ಣದ ವೇಷ ಕೇಳುತ್ತಿದ್ದ. ಬಣ್ಣದ ವೇಷ ಎಂದರೆ ರಕ್ಕಸನ ವೇಷ. ಮುಖದ ತುಂಬ ಅಕ್ಕಿಹಿಟ್ಟಿನ ಬಿಳಿ ಚುಕ್ಕಿಗಳು, ತಲೆಯ ಮೇಲೆ ದೊಡ್ಡ ಕಿರೀಟ, ಬಾಯಲ್ಲಿ ಕಟ್ಟಡ ನಡುಗುವಂಥ ಆರ್ಭಟ. ಪ್ರತಿ ವರ್ಷವೂ ಮಾವನಿಗೆ ಸಿಕ್ಕುತ್ತಿದ್ದದ್ದು ಮಾತಿಲ್ಲದ ದೂತನ ಪಾತ್ರ.

"ನಿನ್ನ ಕಾಲು ಒಳ್ಳೇದುಂಟು ವಾಸು, ಗಂಟಲೂ ಉಂಟು," ಎಂದು ತಿಮ್ಮಪ್ಪಣ್ಣ ನಮ್ಮ ಗ್ಯಾಲರಿಯಲ್ಲೇ ಕೂತು ಹೇಳಿದ್ದನ್ನು ನಾನು ಕೇಳಿದ್ದೇನೆ. "ಕಣ್ಣಲ್ಲಿ ಮಾತ್ರ ಎಂತದ್ದೂ ಇಲ್ಲ ಮಾರಾಯ. ಬಣ್ಣದ ವೇಷ ಅಂದ್ರೆ ಕಣ್ಣು. ನಿಂದು ದನದ ಕಣ್ಣು, ಪಾಪದ್ದು."

ಮಾವ ನಕ್ಕ. ಆಮೇಲೆ ಬಹಳ ದಿನ ನಮ್ಮ ಗೋಡೆಯ ಕನ್ನಡಿಯ ಮುಂದೆ ನಿಂತು ಕಣ್ಣರಳಿಸುವುದನ್ನು ಅಭ್ಯಾಸ ಮಾಡಿದ. ಹಾಗೆ ಕಣ್ಣು ಬಿಟ್ಟಾಗ ಅವನು ರಕ್ಕಸನಂತೆ ಕಾಣುತ್ತಿರಲಿಲ್ಲ, ಏನನ್ನೋ ಮರೆತು ಬಂದವನಂತೆ ಕಾಣುತ್ತಿದ್ದ.

ಆ ವರ್ಷದ ಆಷಾಢದ ಮಳೆಯಲ್ಲಿ ಅವನು ಬಿದ್ದ. ಹೋಟೆಲಿನಿಂದ ಮಧ್ಯಾಹ್ನ ಬಿಡುವಿನಲ್ಲಿ ಮನೆಗೆ ಬರುವಾಗ ಸಯನ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಕಾಲು ಜಾರಿ, ತಲೆಯ ಹಿಂಭಾಗ ಕಲ್ಲಿಗೆ ಬಡಿದು, ಎಚ್ಚರ ತಪ್ಪಿತು. ಅವನಿಗಿಂತ ಮೊದಲು ಮನೆಗೆ ಬಂದದ್ದು ಅವನು ನನಗೆಂದು ತರುತ್ತಿದ್ದ ಗೋಳಿಬಜೆಯ ಪೊಟ್ಟಣ. ಗುರುತಿನವನೊಬ್ಬ ಅದನ್ನು ಅಮ್ಮನ ಕೈಗೆ ಕೊಟ್ಟು, ಸುದ್ದಿ ಹೇಳಿ, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನು ಪಕ್ಕದ ಮನೆಯ ಧಾರವಾಡದ ಗಂಗಾಬಾಯಿಯವರ ಹೊಸ್ತಿಲಲ್ಲಿ ಕೂತು, ಅಳುತ್ತ, ಒದ್ದೆಯಾದ ಗೋಳಿಬಜೆಯನ್ನೆಲ್ಲ ತಿಂದು ಮುಗಿಸಿದೆ. ದುಃಖಕ್ಕೂ ಹಸಿವಿಗೂ ನನ್ನಲ್ಲಿ ಜಗಳ ಇರಲಿಲ್ಲ.

ಮಾವ ಬದುಕಿದ. ತಲೆಗೆ ಬಟ್ಟೆ ಸುತ್ತಿಸಿಕೊಂಡು ಮನೆಗೆ ಬಂದಾಗ ಅಮ್ಮ ದೃಷ್ಟಿ ನಿವಾಳಿಸಿ ಒಳಗೆ ಕರೆದುಕೊಂಡಳು. ಅವನು ಗೋಡೆ ಹಿಡಿದು ಬಂದು ಚಾಪೆಯ ಮೇಲೆ ಕೂತ. ನನ್ನ ಕಡೆ ನೋಡಿ, "ಪುಟ್ಟಿ, ಅಲ್ಲಾಡ್ಬೇಡ, ಒಂದ್ಕಡೆ ನಿಲ್ಲು," ಎಂದ. ನಾನು ನಿಂತೇ ಇದ್ದೆ. ಅಲ್ಲಾಡುತ್ತಿದ್ದದ್ದು ಅವನ ಕಣ್ಣು. ಎರಡೂ ಕಣ್ಣುಗುಡ್ಡೆಗಳು ಕೂಡಿಕೊಂಡು ಮೆಲ್ಲಗೆ ಬಲಕ್ಕೆ ಜಾರುತ್ತಿದ್ದವು, ತಟಕ್ಕನೆ ಎಡಕ್ಕೆ ಹಾರುತ್ತಿದ್ದವು, ಮತ್ತೆ ಜಾರುತ್ತಿದ್ದವು. ಬಿಡುವೇ ಇಲ್ಲ. ಅವನಿಗೆ ಕೋಣೆ, ಕಿಟಕಿ, ಅಕ್ಕನ ಮುಖ ಎಲ್ಲವೂ ಓಡುತ್ತಲೇ ಇದ್ದವಂತೆ. ಓಡುವ ಲೋಕಲ್‌ನಿಂದ ಹೊರಗೆ ನೋಡಿದ ಹಾಗೆ ಉಂಟು, ಆದ್ರೆ ಸ್ಟೇಷನ್ ಬರುವುದಿಲ್ಲ ಎಂದ. ಅಷ್ಟು ಹೇಳಿ ವಾಂತಿ ಮಾಡಿದ.

ತಲೆಯೊಳಗೆ ಪೆಟ್ಟಾದವರಿಗೆ ಕೆಲವೊಮ್ಮೆ ಹೀಗಾಗುತ್ತದೆ, ತಾನಾಗಿ ನಿಲ್ಲಬಹುದು, ನಿಲ್ಲದೆಯೂ ಇರಬಹುದು ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದರು. ಒಂದು ಅಭ್ಯಾಸವನ್ನೂ ಕಲಿಸಿಕೊಟ್ಟಿದ್ದರು. ಕಣ್ಣಿನ ಮುಂದೆ ಬೆರಳನ್ನೋ ಕಡ್ಡಿಯನ್ನೋ ಹಿಡಿದು ನಿಧಾನವಾಗಿ ಆಚೆ ಈಚೆ ಸರಿಸಬೇಕು, ರೋಗಿ ಅದನ್ನೇ ನೋಡಬೇಕು. ಆ ಕೆಲಸ ನನಗೆ ಬಂತು. ಗುಡಿಸುವ ಹಿಡಿಸೂಡಿಯಿಂದ ತೆಂಗಿನ ಕಡ್ಡಿಯೊಂದನ್ನು ಎಳೆದು, ಅದರ ತುದಿಗೆ ಅಮ್ಮ ಕುಂಕುಮ ಹಚ್ಚಿಕೊಟ್ಟಳು. ಶಾಲೆಯಿಂದ ಬಂದ ಮೇಲೆ ದಿನಾ ಮಾವನ ಎದುರು ಕಾಲು ಮಡಚಿ ಕೂತು ಕಡ್ಡಿ ಸರಿಸುತ್ತಿದ್ದೆ. ಮಾವನ ಕಣ್ಣು ಕಡ್ಡಿಯನ್ನು ಹಿಡಿಯುತ್ತಿತ್ತು, ಬಿಡುತ್ತಿತ್ತು, ಹಾರಿ ಮತ್ತೆ ಹಿಡಿಯುತ್ತಿತ್ತು. ಅವನು ಎಡಕ್ಕೆ ನೋಡಿದಾಗ ಹಾರಾಟ ಜೋರಾಗುತ್ತಿತ್ತು, ಬಲಕ್ಕೆ ನೋಡಿದಾಗ ಸ್ವಲ್ಪ ತಣಿಯುತ್ತಿತ್ತು. ಇದನ್ನು ಡಾಕ್ಟರಿಗಿಂತ ಮೊದಲು ಕಂಡುಹಿಡಿದವಳು ನಾನು ಎಂಬ ಜಂಬ ನನಗೆ ಬಹಳ ದಿನ ಇತ್ತು. ಅಮ್ಮ ಊರ ದೇವಿಗೆ ಬೆಳ್ಳಿಯ ಕಣ್ಣು ಹರಕೆ ಹೇಳಿಕೊಂಡಳು. "ಕಣ್ಣೊಂದು ನಿಲ್ಲಲಿ ತಾಯಿ," ಎಂದು ದೀಪ ಹಚ್ಚುವಾಗ ದಿನವೂ ಹೇಳುತ್ತಿದ್ದಳು.

ಬಲಕ್ಕೆ ನೋಡಿದರೆ ತಣಿಯುತ್ತದೆ ಎಂದು ಗೊತ್ತಾದ ಮೇಲೆ ಮಾವ ಒಂದು ಉಪಾಯ ಕಂಡುಕೊಂಡ. ಏನನ್ನಾದರೂ ನೋಡಬೇಕಾದರೆ ಮುಖವನ್ನು ಎಡಕ್ಕೆ ತಿರುಗಿಸಿ, ಕಣ್ಣಿನ ಬಲಮೂಲೆಯಿಂದ ನೋಡುವುದು. ಅದರಿಂದ ಅವನಿಗೆ ಜಗತ್ತು ಕೊಂಚ ನಿಂತಿತು, ಚಾಳಿನಲ್ಲಿ ಹೊಸ ಜಗಳ ಎದ್ದಿತು. ಒಂದು ಬೆಳಿಗ್ಗೆ ಗಂಗಾಬಾಯಿ ಕೊಡ ಕೆಳಗಿಟ್ಟು ನಮ್ಮ ಬಾಗಿಲಿಗೆ ಬಂದರು.

"ಅಲ್ರೀ ವೈನಿ, ನಿಮ್ಮ ತಮ್ಮ ನಳದ ಕಡೆ ಹಿಂಗ ಓರೆಗಣ್ಣೀಲೆ ಯಾಕ ನೋಡ್ತಾನ್ರೀ? ನಾ ಏನ್ ಸಣ್ಣ ಹುಡುಗಿ ಏನು?"

"ಅಯ್ಯೋ, ಅವ್ನಿಗೆ ನೆಟ್ಟಗೆ ನೋಡಿದ್ರೆ ಕಾಣೂದಿಲ್ಲ ಗಂಗಾಬಾಯಿ. ಅವ್ನು ಕೊಡ ನೋಡಿದ್ದು, ನಿಮ್ಮನ್ನಲ್ಲ."

"ಕೊಡಾ ನೋಡಿದ್ನಾ?" ಎಂದು ಗಂಗಾಬಾಯಿ ತಮ್ಮ ಕೊಡ ಎತ್ತಿಕೊಂಡರು. ಅವರಿಗೆ ಸಮಾಧಾನವಾಯಿತೋ ಬೇಸರವಾಯಿತೋ ತಿಳಿಯಲಿಲ್ಲ. ಆ ದಿನದಿಂದ ಮಾವ ನಲ್ಲಿಗೆ ಬಂದರೆ ಅವರೇ ಅವನ ಬಾಲ್ದಿ ತುಂಬಿಸಿ ಕೊಡುತ್ತಿದ್ದರು.

ತಲೆಯ ಗಾಯ ಮಾಗಿದ ಮೇಲೆ ಮಾವ ಹೋಟೆಲಿಗೆ ಹೋದ. ಧಣಿಗಳು ಒಳ್ಳೆಯವರು, ಬೇಡವೆನ್ನಲಿಲ್ಲ. ಆದರೆ ಕಾವಲಿಯ ಮುಂದೆ ನಿಂತಾಗ ಹಿಟ್ಟು ಬಿದ್ದದ್ದು ಒಂದು ಕಡೆ, ಸೌಟು ಸುತ್ತಿದ್ದು ಇನ್ನೊಂದು ಕಡೆ. "ಇದು ದೋಸೆಯೋ, ಹಿಂದೂಸ್ತಾನದ ನಕ್ಷೆಯೋ?" ಎಂದು ಗಿರಾಕಿಯೊಬ್ಬ ಕೇಳಿದನಂತೆ. ಕಾವಲಿ ಬೇರೊಬ್ಬನ ಕೈಗೆ ಹೋಯಿತು. ಮಾವನನ್ನು ಹಿಂದಿನ ಕಟ್ಟೆಯ ಮೇಲೆ ನೀರುಳ್ಳಿ ಸುಲಿಯಲು ಕೂರಿಸಿದರು. ಅವನು ಮನೆಗೆ ಬಂದಾಗ ಮೈಯೆಲ್ಲ ನೀರುಳ್ಳಿಯ ವಾಸನೆ ಬರುತ್ತಿತ್ತು. ಕಣ್ಣು ಕೆಂಪಾಗಿರುತ್ತಿತ್ತು. ನೀರುಳ್ಳಿಯಿಂದ ಎಂದು ಅವನೇ ಮೊದಲು ಹೇಳಿಬಿಡುತ್ತಿದ್ದ.

ಚೌತಿ ಕಳೆದ ಒಂದು ಆದಿತ್ಯವಾರ ತಿಮ್ಮಪ್ಪಣ್ಣ ಅವನನ್ನು ನೋಡಲು ಮನೆಗೆ ಬಂದರು. ದಿನಾ ಹೋಟೆಲಿನಲ್ಲಿ ಕಾಣುತ್ತಿದ್ದರೂ ಮಾವ ಅವರ ಮುಂದೆ ತಲೆ ಎತ್ತುತ್ತಿರಲಿಲ್ಲವಂತೆ. ನಾನು ಕಡ್ಡಿ ಹಿಡಿದು ಕೂತಿದ್ದೆ. ಅವರು ಅಮ್ಮ ಕೊಟ್ಟ ಕಾಫಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಹಿಂದೆ ಬಂದು ನಿಂತು ನೋಡಿದರು. ಕಾಫಿ ತಣ್ಣಗಾಯಿತು.

"ವಾಸು, ಎಡಕ್ಕೆ ನೋಡು," ಎಂದರು.

ಮಾವ ನೋಡಿದ. ಕಣ್ಣು ಎದ್ದು ಕುಣಿಯಿತು.

"ಮುಖ ತಿರುಗಿಸ್ಬೇಡ. ಮುಖ ನೇರ, ನೋಟ ಮಾತ್ರ ಎಡಕ್ಕೆ. ಹಾಂ. ಇನ್ನು ಹುಬ್ಬು ಎತ್ತು." ತಿಮ್ಮಪ್ಪಣ್ಣ ಲೋಟವನ್ನು ಕೆಳಗಿಟ್ಟರು. "ಇದು ಜೀವಮಾನ ಸಾಧನೆ ಮಾಡಿದ್ರೂ ಬರುವುದಲ್ಲ. ನನ್ಗೆ ಬರ್ಲಿಲ್ಲ. ಈ ಸಲದ ಬಣ್ಣದ ವೇಷ ನಿಂದು."

ಮಾವನಿಗಿಂತ ಮೊದಲು ಅಮ್ಮ ಮಾತಾಡಿದಳು. "ಇದೆಂತ ಮಾತು ತಿಮ್ಮಪ್ಪಣ್ಣ? ಅವ್ನಿಗೆ ಎಡಕ್ಕೆ ನೋಡಿದ್ರೆ ತಲೆ ತಿರುಗ್ತದೆ. ಎಡಕ್ಕೆ ನೋಡ್ಲಿಕ್ಕೇ ಇಲ್ಲ ಅವ್ನು. ಕಿರೀಟ ಹೊತ್ತು ಬಿದ್ರೆ? ಇನ್ನೊಂದು ಪೆಟ್ಟು ತಲೆಗೆ ಬಿದ್ರೆ?"

"ಬೀಳುದಿಲ್ಲ ಅಕ್ಕ," ಎಂದ ಮಾವ.

"ಕಣ್ಣು ನಿಲ್ಲಿಸ್ಲಿಕ್ಕೆ ಒಬ್ರು ಡಾಕ್ಟ್ರು, ಕುಣಿಸ್ಲಿಕ್ಕೆ ಒಬ್ರು ಗುರುಗಳು! ನಿನ್ಗೆ ಯಾರು ಬೇಕು ಹೇಳು, ಈಗ್ಲೇ ಹೇಳು."

ಮಾವ ಮುಖ ಎಡಕ್ಕೆ ತಿರುಗಿಸಿ, ಓರೆಯಾಗಿ ಅಮ್ಮನನ್ನು ನೋಡಿ, "ಆಟ ಮುಗಿಯುವ ತನಕ ಗುರುಗಳು," ಎಂದ. ಅಮ್ಮ ಆ ರಾತ್ರಿ ಅವನಿಗೆ ಬಡಿಸಲಿಲ್ಲ. ತಾಟು ಮುಂದಿಟ್ಟು ಒಳಗೆ ಹೋದಳು. ಒಳಗೆ ಎಂದರೆ ಅಡುಗೆಯ ಮೂಲೆಗೆ. ನಮ್ಮ ಮನೆಯಲ್ಲಿ ಕೋಪಿಸಿಕೊಂಡು ಹೋಗಲು ಅದಕ್ಕಿಂತ ದೂರದ ಜಾಗ ಇರಲಿಲ್ಲ.

ತಾಲೀಮು ಹೋಟೆಲಿನ ಮಾಳಿಗೆಯಲ್ಲಿ ನಡೆಯಿತು. ಎಡಕ್ಕೆ ನೋಡುತ್ತ ಕುಣಿದರೆ ಮಾವನಿಗೆ ಏನೂ ಕಾಣುತ್ತಿರಲಿಲ್ಲ. ಆದ್ದರಿಂದ ತಿಮ್ಮಪ್ಪಣ್ಣ ಅವನಿಗೆ ರಂಗವನ್ನು ಕಾಲಿನಿಂದ ಕಲಿಸಿದರು. ಚಾಪೆಯ ಅಂಚು ಹೆಬ್ಬೆರಳಿಗೆ ತಾಗಿದರೆ ಹಿಂದೆ ಸರಿಯಬೇಕು, ಚೆಂಡೆಯ ಸದ್ದು ಬಲಕಿವಿಗೆ ಬಂದರೆ ಮುಖ ಜನರ ಕಡೆ ಇದೆ ಎಂದರ್ಥ. ಮಾವ ದಿನಾ ಬಂದು ನಮ್ಮ ಪಾಯಿಖಾನೆಯ ಹತ್ತಿರ ವಾಂತಿ ಮಾಡಿ, ಬಾಯಿ ತೊಳೆದು, ನಗುತ್ತ ಒಳಗೆ ಬರುತ್ತಿದ್ದ. ಅವನು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಆಮೇಲೆ ಕಂಡಿಲ್ಲ. ಕಡ್ಡಿಯ ಅಭ್ಯಾಸ ಮಾತ್ರ ಅಮ್ಮನ ಭಯಕ್ಕೆ ನಡೆಯುತ್ತಿತ್ತು.

ದೀಪಾವಳಿ ಕಳೆದ ಮೇಲೆ ಆಟ ಆಯಿತು. ಮಾಟುಂಗದ ಒಂದು ಶಾಲೆಯ ಹಾಲ್, ಕಬ್ಬಿಣದ ಕುರ್ಚಿಗಳು, ಹಿಂದೆ ಬೆಂಚುಗಳು. ಬೆಂಕಿಗೆ ಹೆದರಿದ ಶಾಲೆಯ ಪೇದೆ ಒಂದೇ ಒಂದು ಪಂಜಿಗೆ ಒಪ್ಪಿ, ಅದರ ಪಕ್ಕದಲ್ಲಿ ನೀರಿನ ಬಾಲ್ದಿ ಇಟ್ಟುಕೊಂಡು ತಾನೂ ರಂಗದ ಮೂಲೆಯಲ್ಲಿ ಕೂತಿದ್ದ. ನಾನು ಅಮ್ಮನ ಜೊತೆ ಕೊನೆಯ ಬೆಂಚಿನಲ್ಲಿದ್ದೆ. ಅಮ್ಮ ಬರುವುದಿಲ್ಲ ಎಂದಿದ್ದವಳು, ಬಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅವನು ಬಿದ್ದರೆ ಓಡಿಹೋಗಲು ಅನುಕೂಲವಾಗಲಿ ಎಂದು ಅಪ್ಪನನ್ನು ರಂಗದ ಹತ್ತಿರವೇ ಕೂರಿಸಿದ್ದಳು.

ರಕ್ಕಸ ಬರುವುದು ನೇರವಾಗಿ ಅಲ್ಲ. ಇಬ್ಬರು ಒಂದು ಬಣ್ಣದ ಬಟ್ಟೆಯನ್ನು ಅಡ್ಡ ಹಿಡಿಯುತ್ತಾರೆ, ಅದೇ ತೆರೆ. ಅವನು ಅದರ ಹಿಂದೆ ಕುಣಿಯುತ್ತಾನೆ, ನಮಗೆ ಕಾಣುವುದು ಕಾಲಿನ ಗೆಜ್ಜೆ, ಮೇಲೆ ಕಿರೀಟದ ತುದಿ. ಚೆಂಡೆ ಏರುತ್ತ ಏರುತ್ತ ತೆರೆ ಇಷ್ಟಿಷ್ಟೇ ಇಳಿಯುತ್ತದೆ. ಅವತ್ತು ಮೊದಲು ಕಿರೀಟ ಕಂಡಿತು. ಆಮೇಲೆ ಬಿಳಿ ಚುಕ್ಕಿಯ ಹಣೆ, ಕಪ್ಪು ಹುಬ್ಬು. ಅಲ್ಲಿಗೆ ತೆರೆ ನಿಂತಿತು. ಮತ್ತೆ ಒಂದು ಗೇಣು ಇಳಿಯಿತು. ಪಂಜಿಗೆ ರಾಳದ ಪುಡಿ ಎರಚಿದರು, ಬೆಂಕಿ ಭಗ್ಗೆಂದಿತು, ಆ ಬೆಳಕಿನಲ್ಲಿ ತೆರೆಯ ಅಂಚಿನ ಮೇಲೆ ಆ ಎರಡು ಕಣ್ಣು ಕಂಡವು. ಮುಖ ಕಲ್ಲಿನ ಹಾಗೆ ನಿಂತಿದೆ, ಕಣ್ಣು ಮಾತ್ರ ಹಾರುತ್ತಿದೆ. ಮನುಷ್ಯರ ಕಣ್ಣು ಹಾಗೆ ಇರುವುದಿಲ್ಲ. ಸಭೆಯಲ್ಲಿ ಒಂದು ಮಗು ಚೀರಿತು. ಆಮೇಲೆ ಚೆಂಡೆ ಬಿಟ್ಟರೆ ಬೇರೆ ಸದ್ದಿಲ್ಲ. ಪೇದೆ ಬಾಲ್ದಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದದ್ದು ನನಗೆ ಕಾಣುತ್ತಿತ್ತು. ನಾನು ದಿನಾ ಕಡ್ಡಿ ಹಿಡಿದು ನೋಡಿದ ಕಣ್ಣೇ ಅದು, ಕಾಯಿಲೆ ಎಂದು ಗೊತ್ತಿದ್ದ ಕಣ್ಣು. ಆದರೂ ನಾನು ಅಮ್ಮನ ಸೆರಗಿನೊಳಗೆ ನುಗ್ಗಿ ಬೆರಳ ಸಂದಿಯಿಂದ ನೋಡಿದೆ.

ಮಾವ ಬೀಳಲಿಲ್ಲ. ಆಟ ಮುಗಿದ ಮೇಲೆ ಬಣ್ಣ ಹಚ್ಚುವ ಕೋಣೆಯಲ್ಲಿ ಜನ ತುಂಬಿದರು. ಊರಿನಲ್ಲಿ ಹೆಸರಾಂತ ಮೇಳಗಳನ್ನೆಲ್ಲ ಕಂಡಿದ್ದ ಮುದುಕರೊಬ್ಬರು ಮಾವನ ಭುಜ ಹಿಡಿದು, "ಆ ಕಣ್ಣಿನ ಕೆಲ್ಸ ಯಾರ ಹತ್ರ ಕಲ್ತದ್ದು?" ಎಂದು ಕೇಳಿದರು.

"ಸಯನ್ ಸ್ಟೇಷನ್ನಿನ ಮೆಟ್ಟಿಲ ಹತ್ರ," ಎಂದ ಮಾವ.

ಎಲ್ಲರೂ ಗೊಳ್ಳೆಂದು ನಕ್ಕರು. ಗುರುವಿನ ಗುಟ್ಟು ಬಿಡುವವನಲ್ಲ ಎಂದು ಮುದುಕರು ಮೆಚ್ಚಿಕೊಂಡರು. ಅಮ್ಮ ನಗಲಿಲ್ಲ. ಅಲ್ಲಿಯೇ ಕೋಟೆ ಕಡೆಯ ದೊಡ್ಡ ಹಾಲ್‌ನಲ್ಲಿ ಯುಗಾದಿಯ ಮೊದಲು ಇನ್ನೊಂದು ಆಟ ಎಂದು ಗೊತ್ತಾಯಿತು. ಆ ರಕ್ಕಸನನ್ನೇ ತರಬೇಕು ಎಂಬುದು ಕರೆದವರ ಷರತ್ತು. ಮಾಟುಂಗದ ಹೋಟೆಲುಗಳಲ್ಲಿ ತಿಂಗಳುಗಟ್ಟಲೆ ಅದೇ ಮಾತು. ನೀರುಳ್ಳಿ ಸುಲಿಯುವವನನ್ನು ನೋಡಲು ಜನ ಅಡುಗೆಮನೆಯ ಬಾಗಿಲಿಗೆ ಮತ್ತೆ ಬಂದರು.

ಅಲ್ಲಿಂದ ಮಾವ ಕಡ್ಡಿಗೆ ಬೆನ್ನು ತಿರುಗಿಸಿದ. ನಾನು ಎದುರು ಕೂತರೆ ಕಣ್ಣು ಮುಚ್ಚಿಕೊಂಡು, "ಇವತ್ತಿಗಾಯ್ತು ಪುಟ್ಟಿ," ಎನ್ನುತ್ತಿದ್ದ. ಆದರೆ ಕಣ್ಣು ಯಾರ ಮಾತನ್ನೂ ಕೇಳುವ ಹಾಗಿರಲಿಲ್ಲ. ನಿಲ್ಲು ಎಂದು ಅಮ್ಮ ಬೇಡಿದಾಗ ನಿಂತಿರಲಿಲ್ಲ, ಕುಣಿ ಎಂದು ಅವನು ಬಯಸಿದಾಗ ಮೆಲ್ಲಗಾಗತೊಡಗಿತು. ಸಂಕ್ರಾಂತಿ ಕಳೆದ ಒಂದು ಸಂಜೆ ಅಮ್ಮನ ಒತ್ತಾಯಕ್ಕೆ ಅವನು ಕೂತ. ನಾನು ಕಡ್ಡಿಯನ್ನು ಎಡಕ್ಕೆ ತಂದೆ, ಕಣ್ಣು ಅದರ ಜೊತೆಗೇ ಬಂತು. ಬಲಕ್ಕೆ ತಂದೆ, ಜೊತೆಗೇ ಬಂತು. ಎಲ್ಲಿಯೂ ಹಾರಲಿಲ್ಲ.

"ಮಾವ! ನಿನ್ನ ಕಣ್ಣು..."

ಅವನು ನನ್ನ ಬಾಯಿಗೆ ಕೈ ಅಡ್ಡ ಹಿಡಿದ. ಅಮ್ಮ ನಲ್ಲಿಗೆ ಹೋಗಿದ್ದಳು. "ಅಮ್ಮನ ಹತ್ರ ಹೇಳ್ಬೇಡ," ಎಂದ. "ಯಾರ ಹತ್ರವೂ ಹೇಳ್ಬೇಡ. ಆಟ ಒಂದು ಮುಗೀಲಿ."

"ಸರಿಯಾದ್ರೆ ಒಳ್ಳೇದಲ್ವಾ ಮಾವ?"

"ಒಳ್ಳೇದೇ," ಎಂದ.

ಹೀಗೆ ಗುಣವಾದವನು ರೋಗಿಯ ಹಾಗೆ ನಟಿಸತೊಡಗಿದ. ಎಲ್ಲರೆದುರು ಮುಖ ಎಡಕ್ಕೆ ತಿರುಗಿಸಿ ಓರೆಯಾಗಿಯೇ ನೋಡುತ್ತಿದ್ದ, ಗೋಡೆ ಹಿಡಿದು ನಡೆಯುತ್ತಿದ್ದ, ಹೋಟೆಲಿನಲ್ಲಿ ನೀರುಳ್ಳಿಯ ಮುಂದೆಯೇ ಕೂರುತ್ತಿದ್ದ. ಗಂಗಾಬಾಯಿ ಪಾಪ, ಬಾಲ್ದಿ ತುಂಬಿಸುತ್ತಲೇ ಇದ್ದರು. ಚಾಳಿಗೆ ಗೊತ್ತಿಲ್ಲದ ಗುಟ್ಟೊಂದು ನನ್ನ ಹೊಟ್ಟೆಯಲ್ಲಿತ್ತು. ನನಗೆ ಅದರ ಖುಷಿ ಇತ್ತೇ ಹೊರತು ಅವನ ಸಂಕಟ ತಿಳಿಯುವ ವಯಸ್ಸಲ್ಲ.

ಗುಟ್ಟು ಒಡೆದದ್ದು ದೋಸೆಯಿಂದ. ಒಂದು ಆದಿತ್ಯವಾರ ಅಮ್ಮ ಸ್ಟವ್ವಿನ ಮೇಲೆ ಕಾವಲಿ ಇಟ್ಟಿದ್ದಳು. ಮೊದಲ ದೋಸೆ ಹಿಡಿದುಕೊಂಡಿತು. ಎರಡನೆಯದೂ ಹಿಡಿದುಕೊಂಡಿತು. ಪಕ್ಕದಲ್ಲಿ ಕೂತಿದ್ದ ಮಾವನಿಗೆ ತಡೆಯಲಿಲ್ಲ. "ಆಚೆ ಹೋಗು ಅಕ್ಕ," ಎಂದು ಕಾವಲಿಗೆ ನೀರು ಚಿಮುಕಿಸಿ, ಒರೆಸಿ, ಸೌಟು ಎತ್ತಿ ಒಂದೇ ಸುತ್ತಿಗೆ ಎರೆದ. ದೋಸೆ ತಾಮ್ರದ ತಟ್ಟೆಯಷ್ಟು ದುಂಡಗೆ ಬಂತು. ಎಣ್ಣೆಯ ವಾಸನೆ ಎದ್ದಿತು, ಅಂಚು ಕೆಂಪಾಯಿತು. ಅವನು ಅದನ್ನು ಮಗುಚುವ ಸಂತೋಷದಲ್ಲಿ ಮೈಮರೆತಿದ್ದ. ಅಮ್ಮ ದೋಸೆಯನ್ನು ನೋಡಿದಳು, ಅವನನ್ನು ನೋಡಿದಳು.

"ವಾಸು, ಈಚೆ ನೋಡು. ಮುಖ ತಿರುಗಿಸ್ಬೇಡ. ನೆಟ್ಟಗೆ ನೋಡು."

ಅವನು ನೋಡಿದ. ದನದ ಕಣ್ಣು, ಪಾಪದ್ದು, ನಿಶ್ಚಲವಾಗಿ ಅಮ್ಮನ ಮುಖದ ಮೇಲೆ ನಿಂತಿತು. ಅಮ್ಮ ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಗಟ್ಟಿಯಾಗಿ ಅತ್ತಳು. ಅಳುತ್ತಲೇ ಊರ ದೇವಿಯನ್ನು ಕರೆದಳು, ಗಂಗಾಬಾಯಿಯನ್ನು ಕರೆದಳು, ಅಪ್ಪನನ್ನು ಎಬ್ಬಿಸಿದಳು. ಮಾವನ ಕೈಯಲ್ಲಿ ಸೌಟು ಹಾಗೆಯೇ ಇತ್ತು. ಕಾವಲಿಯ ಮೇಲಿನ ದೋಸೆ ಸೀದುಹೋಯಿತು. "ತಿಮ್ಮಪ್ಪಣ್ಣನಿಗೆ ಹೇಳ್ಬೇಡ ಅಕ್ಕ," ಎಂದು ಅವನು ಹೇಳಿದ್ದು ಅವಳಿಗೆ ಕೇಳಿಸಲೇ ಇಲ್ಲ. ಮಾರನೆಯ ದಿನವೇ ಅಕ್ಕಸಾಲಿಗನ ಹತ್ತಿರ ಬೆಳ್ಳಿಯ ತಗಡಿನಲ್ಲಿ ಎರಡು ಕಣ್ಣು ಮಾಡಿಸಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸಿದಳು. ಅವು ಸಣ್ಣ ಮೀನಿನಂತಿದ್ದವು. ಮಾವ ಒಮ್ಮೆ ಅಂಗೈಯಲ್ಲಿ ಹಿಡಿದು ನೋಡಿ ಹಿಂದೆ ಕೊಟ್ಟ.

ತಿಮ್ಮಪ್ಪಣ್ಣ ಸುದ್ದಿ ಕೇಳಿ ಬಂದರು, ಎಡಕ್ಕೆ ನೋಡು ಎಂದರು, ನಿಟ್ಟುಸಿರು ಬಿಟ್ಟರು. ಆದರೂ ಪಾತ್ರ ಅವನದೇ ಎಂದು ಹೇಳಿ ಹೋದರು, ಯಾಕೆಂದರೆ ಹೊರಗಿನವರಿಗೆ ಒಪ್ಪಿಕೊಂಡಾಗಿತ್ತು. ಮಾವ ಒಂದೂವರೆ ತಿಂಗಳು ಕನ್ನಡಿಯ ಮುಂದೆ ನಿಂತ. ಕಣ್ಣು ಬೇಕೆಂದೇ ಕುಣಿಸಲು ನೋಡಿದ, ಗಿರಗಿರನೆ ಸುತ್ತಿ ಥಟ್ಟನೆ ನಿಂತು ನೋಡಿದ. ಹಾಗೆ ಸುತ್ತಿದಾಗ ಒಂದು ಕ್ಷಣ ಕಣ್ಣು ಹಾರುತ್ತಿತ್ತು, ಕನ್ನಡಿಯಲ್ಲಿ ಕಾಣುವಷ್ಟರಲ್ಲಿ ನಿಲ್ಲುತ್ತಿತ್ತು.

ಕೋಟೆಯ ಹಾಲ್‌ನಲ್ಲಿ ತೆರೆ ಇಳಿಯಿತು, ಕಿರೀಟ ಬಂತು, ಹುಬ್ಬು ಬಂತು, ಕಣ್ಣು ಬಂದವು. ಅಗಲವಾಗಿ ಬಿಟ್ಟ ಎರಡು ಒಳ್ಳೆಯ ಕಣ್ಣು. ಕುಣಿತ ಮೊದಲಿಗಿಂತ ಚೆನ್ನಾಗಿತ್ತು ಎಂದು ಈಗ ತಿಳಿದವಳಾಗಿ ಹೇಳಬಲ್ಲೆ. ಅವನಿಗೆ ರಂಗ ಕಾಣುತ್ತಿತ್ತು, ಹೆಜ್ಜೆ ಅಳುಕಲಿಲ್ಲ. ಜನ ಸುಮ್ಮನೆ ನೋಡಿದರು. ನನ್ನ ಹಿಂದೆ ಯಾರೋ, "ಮಾಟುಂಗದಲ್ಲಿ ಮಾಡಿದ್ದು ಇದಲ್ಲ ಮಾರಾಯ," ಎಂದರು. ಇನ್ನೊಬ್ಬರು, "ಹೆಸ್ರು ಬಂತಲ್ಲ, ಇನ್ನು ಸಾಧನೆ ಯಾಕೆ," ಎಂದರು. ಅದೇ ಮುದುಕರೂ ಬಂದಿದ್ದರು. ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಅವರು ಬರಲಿಲ್ಲ.

ಮುಂದಿನ ವರ್ಷದಿಂದ ಮಾವ ಯಾವ ವೇಷವನ್ನೂ ಕೇಳಲಿಲ್ಲ. ಕಾವಲಿ ಅವನಿಗೆ ಹಿಂದಕ್ಕೆ ಸಿಕ್ಕಿತು. ಆಮೇಲೆ ದಹಿಸರ್‌ನಲ್ಲಿ ತನ್ನದೇ ಚಿಕ್ಕ ಹೋಟೆಲ್ ಇಟ್ಟ, ಮದುವೆಯಾದ, ಮಕ್ಕಳನ್ನು ಓದಿಸಿದ. ಅವನ ದೋಸೆ ಕೊನೆಯ ತನಕ ದುಂಡಗೇ ಬಂತು. ಅಮ್ಮ ಸಾಯುವವರೆಗೂ ದೇವಿಯ ಮಹಿಮೆಯನ್ನು ಹೇಳುವಾಗ ಅವನ ಕಣ್ಣಿನ ಕಥೆ ಹೇಳುತ್ತಿದ್ದಳು. ಆಟದ ಭಾಗವನ್ನು ಬಿಟ್ಟು ಹೇಳುತ್ತಿದ್ದಳು.

ಅವನಿಗೆ ಎಂಬತ್ತು ದಾಟಿದ ಮೇಲೆ ಪೊರೆ ಬಂತು. ದಹಿಸರ್‌ನ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಚಿಕ್ಕ ಪ್ರಾಯದ ಹುಡುಗಿ, ಯಂತ್ರಕ್ಕೆ ಗಲ್ಲ ಇಡಿಸಿ, "ಡೋಳೆ ಹಲವೂ ನಕಾ, ಆಜೋಬಾ," ಎಂದು ಗದರಿದಳು, ಕಣ್ಣು ಅಲ್ಲಾಡಿಸಬೇಡಿ ಅಜ್ಜ ಎಂದು.

ಮಾವ ಗಲ್ಲ ತೆಗೆಯದೆಯೇ ಕನ್ನಡದಲ್ಲಿ ನನಗೆ ಹೇಳಿದ. "ಅಲ್ಲಾಡು ಅಂತ ಕೈಮುಗಿದಾಗ್ಲೇ ಅಲ್ಲಾಡ್ಲಿಲ್ಲ. ಇನ್ನು ಈಗ ಅಲ್ಲಾಡ್ತದಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವನ ಮೊಮ್ಮಗನಿಗೂ ಆಗಲಿಲ್ಲ. ಪೊರೆ ತೆಗೆಸಿಕೊಂಡ ದಿನ ಹಿಂದಿರುಗುವಾಗ ರಿಕ್ಷಾದಲ್ಲಿ ಅವನು ತಾನಾಗಿಯೇ ಮಾತು ತೆಗೆದ. "ಮೊದಲ ಆಟದಲ್ಲಿ ನನ್ಗೆ ಒಬ್ರೂ ಕಾಣ್ಲಿಲ್ಲ ಪುಟ್ಟಿ. ಬರೀ ಬೆಂಕಿ, ಅದೂ ಹತ್ತಾರು. ಎರಡನೇ ಆಟದಲ್ಲಿ ಎಲ್ರ ಮುಖವೂ ಕಂಡಿತು. ಒಬ್ರಿಗೂ ಹೆದ್ರಿಕೆ ಆಗ್ಲಿಲ್ಲ ಅಂತ ಕಂಡಿತು." ಆಮೇಲೆ ಕೇಳಿದ. "ಮೊದಲನೇ ಸಲ ನೀನು ಹೆದ್ರಿದ್ಯಾ?"

"ಹೆದ್ರಿದ್ದೆ ಮಾವ. ಅಮ್ಮನ ಸೆರಗಲ್ಲಿ ಅಡಗಿದ್ದೆ."

"ನಿನ್ಗೆ ಕಾಯಿಲೆ ಅಂತ ಗೊತ್ತಿತ್ತಲ್ಲ? ದಿನಾ ಕಡ್ಡಿ ಹಿಡಿದವಳು ನೀನೇ."

"ಗೊತ್ತಿತ್ತು. ಆದ್ರೂ ಹೆದ್ರಿದೆ."

ಅವನ ಹಸಿರು ಪಟ್ಟಿ ಕಟ್ಟಿದ ಕಣ್ಣಿನ ಕೆಳಗೆ ಬಾಯಿ ಅಗಲವಾಯಿತು. "ಹಾಗಾದ್ರೆ ಅದು ವೇಷವೇ," ಎಂದ.

ಆ ಶಾಲೆಯ ಹಾಲ್ ಇದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಚಾಳು ಬಿದ್ದು ಬಿಲ್ಡಿಂಗ್ ಎದ್ದಿದೆ, ಗ್ಯಾಲರಿ ಇಲ್ಲ, ನಲ್ಲಿಯ ಮುಂದಿನ ಜಗಳವೂ ಇಲ್ಲ. ಕಾಫಿ ಹುರಿಯುವ ವಾಸನೆಗೆ ಕಾದು ಮನಸ್ಸು ಒಳ್ಳೆಯದು ಮಾಡಿಕೊಳ್ಳುವವರು ಯಾರೂ ಉಳಿದಿಲ್ಲ. ತಿಮ್ಮಪ್ಪಣ್ಣ, ಗಂಗಾಬಾಯಿ, ಅಪ್ಪ, ಅಮ್ಮ ಹೋದರು, ಹೋದ ಮಳೆಗಾಲದಲ್ಲಿ ಮಾವನೂ ಹೋದ. ಅವನ ಕಣ್ಣನ್ನು ಮುಚ್ಚಿದವಳು ನಾನು. ತೆರೆಯ ಮೇಲೆ ಆ ಕಣ್ಣನ್ನು ಕಂಡು ಹೆದರಿದವರಲ್ಲಿ ನನಗೆ ಗೊತ್ತಿದ್ದಂತೆ ಉಳಿದವಳೂ ನಾನೊಬ್ಬಳೇ.